ಎಕ್ಸ್‌ರೇ ನಾರ್ಮಲ್, ಆದರೂ ಕೈ ಬಾತಿದೆ: ಕೀಲುವಾತವನ್ನು ಎಂಆರ್‌ಐ ಮುಂಚೆಯೇ ಹಿಡಿಯುವುದು ಹೇಗೆ?

ರೊಟ್ಟಿ ಬಡಿಯುವ ಕೈಗೆ ಏನಾದರೂ ಆದರೆ ಅದು ಮೊದಲು ಗೊತ್ತಾಗುವುದು ಒಲೆ ಮುಂದೆ. ಅಂಗೈ ಪೂರ್ತಿ ಬಿಚ್ಚಿಕೊಂಡು ಹಿಟ್ಟಿನ ಮೇಲೆ ಬೀಳಬೇಕು, ಬೆರಳು ನೆಟ್ಟಗಾಗಬೇಕು, ಮಣಿಕಟ್ಟು ತಿರುಗಬೇಕು. ವಿಜಯಪುರ, ಬಾಗಲಕೋಟೆ ಕಡೆಯ ಹೆಣ್ಣುಮಕ್ಕಳು ಡಾಕ್ಟರ ಮುಂದೆ ಹೇಳುವ ಮಾತೂ ಹಾಗೇ ಇರುತ್ತದೆ: "ಮುಂಜಾನೆ ಎದ್ದ ಕೂಡ್ಲೇ ಮುಷ್ಟಿ ಕಟ್ಟಾಕ ಬರೂದಿಲ್ರೀ. ಬಿಸಿನೀರಾಗ ಕೈ ಇಟ್ರ ಸಡ್ಲ ಆಕ್ಕಾವು. ಹತ್ತ ಗಂಟೆ ಆದಮ್ಯಾಲ ಎಲ್ಲಾ ಬರೋಬರಿ." ಹತ್ತು ಗಂಟೆಗೆ ಸರಿಹೋಗುತ್ತದಲ್ಲ ಎಂದು ಮನೆಯವರೂ ಸುಮ್ಮನಾಗುತ್ತಾರೆ. ಥಂಡಿ ಅನ್ನುತ್ತಾರೆ, ವಾಯು ಅನ್ನುತ್ತಾರೆ, ಎಣ್ಣೆ ಹಚ್ಚುತ್ತಾರೆ. ತೀರಾ ನೋವಾದಾಗ ಎಕ್ಸ್‌ರೇ ತೆಗೆಸುತ್ತಾರೆ. ಅದು ನಾರ್ಮಲ್ ಬರುತ್ತದೆ. ಅಲ್ಲಿಗೆ ವಿಷಯ ಮುಗಿದೇಹೋಗುತ್ತದೆ.

ಮುಗಿಯಬಾರದು. ಎಕ್ಸ್‌ರೇ ನಾರ್ಮಲ್ ಇದ್ದ ಆ ತಿಂಗಳುಗಳಲ್ಲೇ ಔಷಧ ಚೆನ್ನಾಗಿ ಕೆಲಸ ಮಾಡುವುದು.

ರುಮಟಾಯ್ಡ್ ಆರ್ಥ್ರೈಟಿಸ್ ಎನ್ನುವ ಕೀಲುವಾತ ಎಲುಬಿನಲ್ಲಿ ಶುರುವಾಗುವ ರೋಗವಲ್ಲ. ನಮ್ಮ ಪ್ರತಿ ಕೀಲಿಗೂ ಒಳಗಡೆ ಒಂದು ತೆಳು ಪೊರೆ ಇರುತ್ತದೆ. ಎಲುಬುಗಳು ಸರಾಗವಾಗಿ ಜಾರಲಿ ಎಂದು ಜಿಡ್ಡಿನಂಥ ದ್ರವ ಒಸರುವುದು ಅದರ ಕೆಲಸ. ಆರೋಗ್ಯವಾಗಿದ್ದಾಗ ಅದರ ಮೇಲ್ಪದರ ಎರಡು ಮೂರು ಜೀವಕೋಶಗಳಷ್ಟೇ ದಪ್ಪ. ರೋಗಗಳ ವಿರುದ್ಧ ಹೋರಾಡಬೇಕಾದ ನಮ್ಮದೇ ರಕ್ಷಣಾ ವ್ಯವಸ್ಥೆ ದಾರಿ ತಪ್ಪಿ ಈ ಪೊರೆಯ ಮೇಲೆ ತಿರುಗಿಬೀಳುತ್ತದೆ. ಆಗ ಅಲ್ಲಿ ನೀರು ತುಂಬುತ್ತದೆ, ಬಿಳಿ ರಕ್ತಕಣಗಳು ಬಂದು ಸೇರುತ್ತವೆ, ಹೊಸ ರಕ್ತನಾಳಗಳು ಹುಟ್ಟುತ್ತವೆ. ಪೊರೆ ದಪ್ಪವಾಗುತ್ತ ಹೋಗಿ ಎಲುಬಿನ ಅಂಚಿನ ಮೇಲೆ ಹಬ್ಬಿ ಅದನ್ನು ಕೊರೆಯತೊಡಗುತ್ತದೆ. ಎಕ್ಸ್‌ರೇಗೆ ಚೆನ್ನಾಗಿ ಕಾಣುವುದು ಎಲುಬಿನ ಸುಣ್ಣ ಮಾತ್ರ. ಪೊರೆಯ ಊತ ಅದರ ಕಣ್ಣಿಗೆ ಸರಿಯಾಗಿ ಬೀಳುವುದೇ ಇಲ್ಲ. ಮಣ್ಣಿನ ಗೋಡೆ ಕುಸಿಯುವ ಎಷ್ಟೋ ಮುಂಚೆ ಬುಡದಲ್ಲಿ ತೇವ ಏರಿರುತ್ತದೆ, ಅಲ್ವಾ? ಎಕ್ಸ್‌ರೇ ತೋರಿಸುವುದು ಉದುರಿದ ಮಣ್ಣನ್ನು. ಎಂಆರ್‌ಐ ತೋರಿಸುವುದು ತೇವವನ್ನು.

ಒಮ್ಮೆ ಕೊರೆದುಹೋದ ಎಲುಬು ಮತ್ತೆ ಮೊದಲಿನಂತೆ ಕೂಡಿಕೊಳ್ಳುವುದು ತೀರಾ ಅಪರೂಪ. ಅದಕ್ಕೇ ಯುರೋಪಿನ ಕೀಲುರೋಗ ತಜ್ಞರ ಒಕ್ಕೂಟ ಯುಲಾರ್ ಹೀಗೆ ಹೇಳುತ್ತದೆ: ಕೀಲು ಬಾತ 6 ವಾರದೊಳಗೆ ತಜ್ಞರು ನೋಡಬೇಕು, ರೋಗ ಹಟ ಹಿಡಿಯುವ ಲಕ್ಷಣವಿದ್ದರೆ 3 ತಿಂಗಳೊಳಗೆ ಔಷಧ ಶುರುವಾಗಬೇಕು. ನಮ್ಮ ಕಡೆ ಆ 3 ತಿಂಗಳು ಎಣ್ಣೆ, ಪಟ್ಟಿ, ನೋವಿನ ಗುಳಿಗೆಯಲ್ಲೇ ಕಳೆಯುತ್ತವೆ. ನನಗೆ ಬಹಳ ಸಂಕಟ ಆಗುವುದು ಇದೇ ವಿಷಯಕ್ಕೆ.

ಈಗ ಯಂತ್ರದ ಕಡೆ ಬರೋಣ. ಎಂಆರ್‌ಐ ಕೆಲಸ ಮಾಡುವುದು ಮೈಯೊಳಗಿನ ಹೈಡ್ರೋಜನ್ ಮೇಲೆ. ಅದು ಹೆಚ್ಚಾಗಿ ಇರುವುದು ನೀರಿನಲ್ಲಿ ಮತ್ತು ಕೊಬ್ಬಿನಲ್ಲಿ. ಹೈಡ್ರೋಜನ್ನಿನ ನಡುವೆ ಇರುವ ಪ್ರೋಟಾನ್ ಒಂದು ಪುಟಾಣಿ ಅಯಸ್ಕಾಂತದ ಹಾಗೆ ವರ್ತಿಸುತ್ತದೆ. ಸಾಮಾನ್ಯವಾಗಿ ಸಿಗುವ ಯಂತ್ರದ ಬಲ 1.5 ಟೆಸ್ಲಾ, ಅಂದರೆ ಭೂಮಿಯ ಅಯಸ್ಕಾಂತ ಬಲದ ಸುಮಾರು 30,000 ಪಟ್ಟು. ಅದರೊಳಗೆ ಮಲಗಿದಾಗ ಈ ಪ್ರೋಟಾನ್‌ಗಳು ಒಂದು ದಿಕ್ಕಿಗೆ ವಾಲಿ, ಸೆಕೆಂಡಿಗೆ ಸುಮಾರು 6.4 ಕೋಟಿ ಸಲ ಸುತ್ತುತ್ತವೆ. ಅದೇ ವೇಗದ ರೇಡಿಯೊ ಅಲೆ ಬಿಟ್ಟರೆ ಅವು ಅದನ್ನು ಹೀರಿಕೊಂಡು ಓರೆಯಾಗುತ್ತವೆ. ಅಲೆ ನಿಲ್ಲಿಸಿದರೆ ಮತ್ತೆ ಮೊದಲಿನ ಜಾಗಕ್ಕೆ ಬರುತ್ತ ತಾವೇ ಸಣ್ಣ ಸಂಕೇತ ಕೊಡುತ್ತವೆ. ಆ ಸಂಕೇತದಿಂದ ಚಿತ್ರ ಕಟ್ಟುವ ದಾರಿ ತೋರಿಸಿದ ಪಾಲ್ ಲಾಟರ್ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ನೊಬೆಲ್ ಬಂತು. ಇಲ್ಲಿ ಎಕ್ಸ್‌ರೇ ಕಿರಣ ಇಲ್ಲವೇ ಇಲ್ಲ. "ಎಂಆರ್‌ಐ ಮಾಡಿಸಿದ್ರ ಕರೆಂಟ್ ಹೊಡಿತೈತಿ" ಎಂದು ಹೆದರಿಸುವವರ ಮಾತು ನಂಬಬೇಡಿ.

ಉರಿಯೂತ ಅಂದರೆ ನೀರು. ಹಾಗಾದರೆ ನೀರು ಬೆಳ್ಳಗೆ ಕಂಡರೆ ಕೆಲಸ ಮುಗಿಯಿತು ಅನ್ನಿಸಬಹುದು. ತೊಡಕು ಬರುವುದು ಕೊಬ್ಬಿನಿಂದ. ದೊಡ್ಡವರ ಕೈ ಎಲುಬಿನೊಳಗಿನ ಮಜ್ಜೆ ಬಹುಪಾಲು ಕೊಬ್ಬೇ. ಸಾದಾ ಚಿತ್ರದಲ್ಲಿ ಕೊಬ್ಬೂ ಬೆಳ್ಳಗೆ, ನೀರೂ ಬೆಳ್ಳಗೆ ಕಂಡರೆ ಎಲುಬಿನೊಳಗೆ ಸೇರಿದ ಸ್ವಲ್ಪ ನೀರನ್ನು ಬೇರೆ ಮಾಡಿ ನೋಡುವುದು ಹೇಗೆ? ಕೊಬ್ಬನ್ನು ಕಪ್ಪಾಗಿಸಬೇಕು. ಅದಕ್ಕೆ ಹಲವು ದಾರಿಗಳಿವೆ. ಹಳೆಯದೂ ನಂಬಿಕೆಯದೂ ಆದದ್ದು ಸ್ಟಿರ್. ರೇಡಿಯೊ ಅಲೆಯಿಂದ ಪ್ರೋಟಾನ್‌ಗಳನ್ನು ಒಮ್ಮೆ ತಲೆಕೆಳಗು ಮಾಡುತ್ತಾರೆ. ಅವು ಮೇಲೇಳುವಾಗ ಕೊಬ್ಬು ಬೇಗ ಏಳುತ್ತದೆ, ನೀರು ನಿಧಾನ. ಹಾಗೆ ಏಳುವ ದಾರಿಯಲ್ಲಿ ಕೊಬ್ಬಿನ ಸಂಕೇತ ಸರಿಯಾಗಿ ಸೊನ್ನೆಗೆ ಬರುವ ಒಂದು ಕ್ಷಣ ಇರುತ್ತದೆ. ಚಿತ್ರ ತೆಗೆಯುವುದು ಆ ಕ್ಷಣದಲ್ಲೇ. ಕೊಬ್ಬು ಕಪ್ಪಾಗಿ ಹೋಗುತ್ತದೆ, ನೀರಿದ್ದ ಜಾಗ ಮಾತ್ರ ಹೊಳೆಯುತ್ತದೆ. ಇನ್ನೊಂದು ದಾರಿ ಥಾಮಸ್ ಡಿಕ್ಸನ್ 1984ರಲ್ಲಿ ತೋರಿಸಿದ್ದು. ನೀರು ಮತ್ತು ಕೊಬ್ಬಿನ ಪ್ರೋಟಾನ್‌ಗಳು ಸುತ್ತುವ ವೇಗದಲ್ಲಿ ಚೂರು ವ್ಯತ್ಯಾಸ ಇದೆ: 1.5 ಟೆಸ್ಲಾದಲ್ಲಿ ಸೆಕೆಂಡಿಗೆ ಸುಮಾರು 220 ಸುತ್ತು. ಆ ವ್ಯತ್ಯಾಸ ಹಿಡಿದು ಲೆಕ್ಕ ಹಾಕಿ ನೀರಿನ ಚಿತ್ರವನ್ನೇ ಬೇರೆ, ಕೊಬ್ಬಿನ ಚಿತ್ರವನ್ನೇ ಬೇರೆ ಮಾಡುತ್ತಾರೆ. ಬೆರಳು, ಮಣಿಕಟ್ಟಿನಂಥ ಅಂಕುಡೊಂಕು ಜಾಗದಲ್ಲಿ ಇದು ಚೆನ್ನಾಗಿ ಒದಗುತ್ತದೆ.

ಹೀಗೆ ತೆಗೆದ ಕೈಯ ಚಿತ್ರದಲ್ಲಿ ಓದುವವರು ಮುಖ್ಯವಾಗಿ ಏನು ಹುಡುಕುತ್ತಾರೆ? ದಪ್ಪಗಾದ ಒಳಪೊರೆ, ಬೆರಳು ಮಡಿಸುವ ಟೆಂಡನ್ ಹುರಿಗಳ ಸುತ್ತ ಸೇರಿದ ನೀರು, ಎಲುಬಿನ ಅಂಚಿನಲ್ಲಿ ಬಿದ್ದ ಸಣ್ಣ ಕುಳಿ. ಇವೆಲ್ಲಕ್ಕಿಂತ ನನಗೆ ಮುಖ್ಯ ಅನ್ನಿಸುವುದು ನಾಲ್ಕನೆಯದು: ಎಲುಬಿನ ಒಳಗೇ, ಮಜ್ಜೆಯಲ್ಲಿ ಕಾಣುವ ಬೆಳ್ಳನೆಯ ಮಬ್ಬು. ವರದಿಯಲ್ಲಿ ಇದನ್ನು ಬೋನ್ ಮ್ಯಾರೋ ಎಡಿಮಾ ಎಂದು ಬರೆದಿರುತ್ತಾರೆ. ಎಕ್ಸ್‌ರೇ, ಅಲ್ಟ್ರಾಸೌಂಡ್ ಎರಡೂ ಇದನ್ನು ತೋರಿಸಲಾರವು. ಮೊದಮೊದಲು ಇದು ಬರೀ ನೀರು ಎಂದುಕೊಂಡಿದ್ದರು. ಆಮೇಲೆ ಕೀಲು ಬದಲಿಸುವ ಆಪರೇಷನ್‌ನಲ್ಲಿ ತೆಗೆದ ಎಲುಬನ್ನು ಮೈಕ್ರೋಸ್ಕೋಪ್ ಕೆಳಗೆ ಇಟ್ಟು ನೋಡಿದಾಗ, ಕೊಬ್ಬಿರಬೇಕಾದ ಜಾಗದಲ್ಲಿ ಉರಿಯೂತದ ಕಣಗಳೇ ತುಂಬಿದ್ದವು. ರೋಗ ಎಲುಬಿನ ಒಳಗಡೆಯೂ ಕೂತಿದೆ ಎಂದಾಯಿತು. ಇಂಥ ಮಬ್ಬು ಕಂಡ ಜಾಗದಲ್ಲೇ ಮುಂದೆ ಕುಳಿ ಬೀಳುವ ಸಾಧ್ಯತೆ ತುಂಬಾ ಜಾಸ್ತಿ ಎಂದು ಬೇರೆ ಬೇರೆ ದೇಶಗಳ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಕಣ್ಣಳತೆಯಲ್ಲಿ "ಸ್ವಲ್ಪ ಇದೆ, ಜಾಸ್ತಿ ಇದೆ" ಎಂದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರಲ್ಲ, ಅದಕ್ಕೆ ಒಮೆರಾಕ್ಟ್ ಎನ್ನುವ ಅಂತರರಾಷ್ಟ್ರೀಯ ತಜ್ಞರ ಗುಂಪು ಒಂದು ಅಳತೆ ಮಾಡಿಕೊಟ್ಟಿದೆ. ಅದರ ಹೆಸರು ರ್‍ಯಾಮ್ರಿಸ್. ಪೊರೆಯ ಊತಕ್ಕೆ ಮತ್ತು ಎಲುಬಿನೊಳಗಿನ ಮಬ್ಬಿಗೆ 0ಯಿಂದ 3, ಕುಳಿಗೆ 0ಯಿಂದ 10 ಅಂಕ. ಇದು ಹೆಚ್ಚಾಗಿ ಸಂಶೋಧನೆಗೆ ಬಳಕೆಯಲ್ಲಿದೆ.

ಕೆಲವರಿಗೆ ಕೈಯ ರಕ್ತನಾಳಕ್ಕೆ ಗ್ಯಾಡೋಲಿನಿಯಂ ಎನ್ನುವ ಇಂಜೆಕ್ಷನ್ ಕೊಟ್ಟು ಚಿತ್ರ ತೆಗೆಯುತ್ತಾರೆ. ಉರಿಯೂತ ಇದ್ದ ಪೊರೆಯಲ್ಲಿ ಹೊಸ ರಕ್ತನಾಳ ಹೆಚ್ಚು, ಅವು ಸೋರುವುದೂ ಹೆಚ್ಚು. ಹಾಗಾಗಿ ಔಷಧ ಅಲ್ಲಿಗೆ ಬೇಗ ಬಂದು ಸೇರಿ, ಪೊರೆ ಸುತ್ತಲಿನ ನೀರಿಗಿಂತ ಬೇರೆಯಾಗಿ ಬೆಳಗುತ್ತದೆ. ಸ್ವಲ್ಪ ಹೊತ್ತಾದರೆ ಔಷಧ ಕೀಲಿನ ನೀರಿಗೂ ಇಳಿದು, ಪೊರೆ ಯಾವುದು ನೀರು ಯಾವುದು ತಿಳಿಯದಂತಾಗುತ್ತದೆ. ಅದಕ್ಕೇ ಇಂಜೆಕ್ಷನ್ ಆದ ಮೊದಲ ಕೆಲವು ನಿಮಿಷದಲ್ಲೇ ಚಿತ್ರ ಸಿಗಬೇಕು. ಇದನ್ನೇ ಇನ್ನೂ ಮುಂದಕ್ಕೆ ಒಯ್ದಿರುವುದು ಡೈನಮಿಕ್ ಎಂಆರ್‌ಐ. ಕೆಲವೇ ಸೆಕೆಂಡಿಗೊಂದು ಚಿತ್ರ ತೆಗೆಯುತ್ತ, ಪೊರೆ ಎಷ್ಟು ಬೇಗ ಬೆಳಗಿತು, ಎಷ್ಟು ಏರಿತು ಎಂದು ಗೆರೆ ಎಳೆದು ನೋಡುತ್ತಾರೆ. ಔಷಧ ಕೆಲಸ ಮಾಡುತ್ತಿದ್ದರೆ ಆ ಗೆರೆಯ ಏರು ತಗ್ಗುತ್ತದೆ. ಡಿಫ್ಯೂಷನ್ ಎನ್ನುವ ಬಗೆಯಲ್ಲಿ ಇಂಜೆಕ್ಷನ್ನೇ ಬೇಡ, ಅದು ನೀರಿನ ಕಣಗಳ ಓಡಾಟವನ್ನು ಅಳೆಯುತ್ತದೆ. ಟಿ2 ಮ್ಯಾಪಿಂಗ್ ಎನ್ನುವುದು ಕೀಲಿನ ಮೆದು ಎಲುಬಿನ ಒಳರಚನೆ ಸಡಿಲವಾಗುವುದನ್ನು ಅಂಕಿಯಲ್ಲಿ ಹೇಳುತ್ತದೆ. ತಲೆಯಿಂದ ಪಾದದವರೆಗೆ ಒಂದೇ ಸಲ ನೋಡುವ ಹೋಲ್ ಬಾಡಿ ಎಂಆರ್‌ಐ ಮಕ್ಕಳ ಕೆಲವು ಎಲುಬಿನ ಉರಿಯೂತಗಳಲ್ಲಿ ತುಂಬಾ ಉಪಯೋಗ. ಇವುಗಳಲ್ಲಿ ಹಲವು ಇನ್ನೂ ದೊಡ್ಡ ಕೇಂದ್ರಗಳ ಮತ್ತು ಸಂಶೋಧನೆಯ ಮಾತು. ಬೆಳಗಾವಿಯಲ್ಲೋ ಬಾಗಲಕೋಟೆಯಲ್ಲೋ ಇರುವ ಒಬ್ಬರಿಗೆ ಇವತ್ತು ಬೇಕಾದದ್ದು ಸರಿಯಾಗಿ ಕೊಬ್ಬು ಕಪ್ಪಾಗಿಸಿ ತೆಗೆದ ಒಂದು ಚಿತ್ರ. ಅಷ್ಟಕ್ಕೆ 1.5 ಟೆಸ್ಲಾ ಯಂತ್ರ ಧಾರಾಳ ಸಾಕು.

ಆದರೆ ಆ ಒಂದು ಚಿತ್ರವನ್ನು ಸರಿಯಾದ ಜಾಗದಲ್ಲಿ ತೆಗೆಯಬೇಕಲ್ಲ! ಇದು ಎಲ್ಲಕ್ಕಿಂತ ಜಾಸ್ತಿ ತಪ್ಪುವುದು ಬೆನ್ನುನೋವಿನಲ್ಲಿ. ಇಪ್ಪತ್ತೈದರ ಹುಡುಗ. ಸೊಂಟದ ಕೆಳಗೆ, ಕುಂಡಿಯ ಒಳಗೆ ನೋವು, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ನಸುಕಿನಲ್ಲಿ ನೋವಿಗೇ ಎಚ್ಚರವಾಗುತ್ತದೆ. ಮಲಗಿದಷ್ಟೂ ಬಿಗಿ, ಎದ್ದು ನಾಲ್ಕು ಹೆಜ್ಜೆ ಓಡಾಡಿದರೆ ಹಗುರ. ಹೀಗೇ ಮೂರು ತಿಂಗಳು ದಾಟಿದೆ. 45 ವರ್ಷಕ್ಕೆ ಮುಂಚೆ ಶುರುವಾದ ಇಂಥ ನೋವು ಬೆನ್ನುಮೂಳೆಯ ಡಿಸ್ಕ್‌ದಲ್ಲದೆ ಉರಿಯೂತದ್ದೂ ಇರಬಹುದು. ಆ್ಯಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎನ್ನುವ ಬೆನ್ನುಮೂಳೆಯ ಕೀಲುವಾತ ಬರುವುದು ಇದೇ ದಾರಿಯಲ್ಲಿ. ಆದರೆ ಅವನಿಗೆ ಬರೆದುಕೊಡುವುದು ಹೆಚ್ಚಾಗಿ "ಎಲ್ಎಸ್ ಸ್ಪೈನ್" ಎಂಆರ್‌ಐ, ಅಂದರೆ ಸೊಂಟದ ಭಾಗದ ಬೆನ್ನುಮೂಳೆಯದು. ಅದು ಡಿಸ್ಕ್ ಮತ್ತು ನರಗಳನ್ನು ನೋಡಲು ಮಾಡಿದ ಪರೀಕ್ಷೆ. ರೋಗ ಕೂತಿರುವುದು ಬೆನ್ನುಮೂಳೆಯ ಬುಡ ಸೊಂಟದ ಎಲುಬಿಗೆ ಕೂಡುವ ಎಸ್‌ಐ ಜಾಯಿಂಟ್‌ನಲ್ಲಿ. ಎಲ್ಎಸ್ ಸ್ಪೈನ್ ಚಿತ್ರದಲ್ಲಿ ಆ ಕೀಲು ಪೂರ್ತಿ ಬರುವುದೇ ಇಲ್ಲ. ಬಂದ ವರದಿಯಲ್ಲಿ "ಡಿಸ್ಕ್ ಸ್ವಲ್ಪ ಉಬ್ಬಿದೆ" ಎಂದಿರುತ್ತದೆ. ನೋವೇ ಇಲ್ಲದ ಎಷ್ಟೋ ಜನರ ಡಿಸ್ಕೂ ಹಾಗೆ ಉಬ್ಬಿರುತ್ತದೆ. ಹುಡುಗ ಬೆಲ್ಟ್ ಕಟ್ಟಿಕೊಂಡು, ಭಾರ ಎತ್ತಬೇಡ ಎನ್ನಿಸಿಕೊಂಡು ವರ್ಷಗಟ್ಟಲೆ ತಿರುಗುತ್ತಾನೆ.

ಅವನಿಗೆ ಬೇಕಾದದ್ದು ಎಸ್‌ಐ ಜಾಯಿಂಟ್‌ನ ಎಂಆರ್‌ಐ. ಆ ಕೀಲು ಓರೆಯಾಗಿ ಕೂತಿದೆ, ಚಿತ್ರವನ್ನೂ ಅದರ ಓರೆಗೆ ತಕ್ಕಂತೆ ಕೊಯ್ದು ತೆಗೆಯಬೇಕು. ಜೊತೆಗೆ ಎರಡು ಬಗೆ ಬೇಕೇ ಬೇಕು. ಸ್ಟಿರ್ ಈಗ ನಡೆಯುತ್ತಿರುವ ಉರಿಯೂತ ತೋರಿಸುತ್ತದೆ. ಟಿ1 ಎನ್ನುವ ಇನ್ನೊಂದು ಬಗೆಯ ಚಿತ್ರ ಈಗಾಗಲೇ ಆಗಿಹೋದ ಕುಳಿ, ಕೊಬ್ಬು ತುಂಬಿದ ಕಲೆಗಳನ್ನು ತೋರಿಸುತ್ತದೆ. ಇಂಜೆಕ್ಷನ್ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಎಕ್ಸ್‌ರೇಯಲ್ಲಿ ಈ ಕೀಲಿನ ಬದಲಾವಣೆ ಕಾಣಲು ವರ್ಷಗಳೇ ಬೇಕು. ಅದಕ್ಕೇ 2009ರಲ್ಲಿ ಆಸಾಸ್ ಎನ್ನುವ ಅಂತರರಾಷ್ಟ್ರೀಯ ತಜ್ಞರ ಸಂಘ ರೋಗ ವಿಂಗಡಿಸುವ ತನ್ನ ನಿಯಮದಲ್ಲಿ ಎಂಆರ್‌ಐಗೂ ಜಾಗ ಕೊಟ್ಟಿತು. ಅದರ ಪ್ರಕಾರ ಕೀಲಿನ ಅಂಚಿನ ಎಲುಬಿನಲ್ಲಿ ಮಬ್ಬು ಸ್ಪಷ್ಟವಾಗಿರಬೇಕು. ಒಂದೇ ಚುಕ್ಕೆ ಇದ್ದರೆ ಅದು ಎರಡು ಅಕ್ಕಪಕ್ಕದ ಚಿತ್ರಗಳಲ್ಲಾದರೂ ಕಾಣಬೇಕು.

ಹಾಗೆಂದು ಚಿತ್ರದಲ್ಲಿ ಬೆಳ್ಳಗೆ ಕಂಡಿದ್ದೆಲ್ಲ ಕೀಲುವಾತ ಅಲ್ಲ. ಎಂಆರ್‌ಐ ನೀರನ್ನು ತೋರಿಸುತ್ತದೆ, ನೀರು ಯಾಕೆ ಬಂತು ಎಂದು ಹೇಳುವುದಿಲ್ಲ. ವಿಜಯಪುರ, ಬಾಗಲಕೋಟೆ, ಬೆಳಗಾವಿ, ಈ ನಮ್ಮ ಮೂರು ಜಿಲ್ಲೆಗಳಲ್ಲಿ ಇದನ್ನು ಒತ್ತಿ ಹೇಳಲೇಬೇಕು. ದನ, ಕುರಿ, ಆಡು ಸಾಕುವವರು, ಅವುಗಳ ಹೆರಿಗೆ ಮಾಡಿಸುವವರು, ಹಸಿ ಹಾಲು ಕುಡಿಯುವವರಿಗೆ ಬ್ರೂಸೆಲ್ಲೋಸಿಸ್ ಎನ್ನುವ ಸೋಂಕು ತಗಲುತ್ತದೆ. ವಿಜಯಪುರದ ವೈದ್ಯರು ಈ ರೋಗದ ಬಗ್ಗೆ ವೈದ್ಯಕೀಯ ಪತ್ರಿಕೆಗಳಲ್ಲಿ ಸಾಕಷ್ಟು ಬರೆದಿದ್ದಾರೆ. ಬಿಟ್ಟು ಬಿಟ್ಟು ಬರುವ ಜ್ವರ, ಬೆವರು, ಜೊತೆಗೆ ಎಸ್‌ಐ ಜಾಯಿಂಟ್‌ನಲ್ಲಿ ಉರಿಯೂತ. ಸ್ಟಿರ್ ಚಿತ್ರದಲ್ಲಿ ಅದೂ ಬೆಳ್ಳಗೇ ಕಾಣುತ್ತದೆ. ಕ್ಷಯವೂ ಅಷ್ಟೇ. ಒಂದೇ ಕಡೆಯ ಕೀಲು ಹಿಡಿದಿದ್ದರೆ, ಊತ ಪಕ್ಕದ ಸ್ನಾಯುವಿಗೂ ಹರಡಿದ್ದರೆ ಸೋಂಕಿನ ಅನುಮಾನ ಬರಬೇಕು. ಸೋಂಕಿರುವವರಿಗೆ ಕೀಲುವಾತ ಎಂದುಕೊಂಡು ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ಕೊಟ್ಟರೆ ಜೀವಕ್ಕೇ ಕುತ್ತು. ಚಿಕೂನ್‌ಗುನ್ಯಾ ಇನ್ನೊಂದು. 2006ರಲ್ಲಿ ಉತ್ತರ ಕರ್ನಾಟಕದ ಊರೂರನ್ನೇ ಮಲಗಿಸಿದ ಆ ಜ್ವರ ಹಿರಿಯರಿಗೆ ಇನ್ನೂ ನೆನಪಿದೆ. ಜ್ವರ ಹೋದ ಮೇಲೂ ತಿಂಗಳುಗಟ್ಟಲೆ ಉಳಿಯುವ ಅದರ ಕೀಲುನೋವು ಎಂಆರ್‌ಐಯಲ್ಲಿ ರುಮಟಾಯ್ಡ್ ಹಾಗೇ ಕಾಣಬಹುದು. ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಕೆಲವು ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇದೆ. ಅದರಿಂದಲೂ ಬೆನ್ನು ಬಿಗಿಯುತ್ತದೆ, ಬಗ್ಗಲು ಬರುವುದಿಲ್ಲ. ಈ ವಿಷಯದಲ್ಲಿ ಸಾದಾ ಎಕ್ಸ್‌ರೇಯೇ ಹೆಚ್ಚು ಹೇಳುತ್ತದೆ: ಎಲುಬು ಬೇಕಾದ್ದಕ್ಕಿಂತ ದಟ್ಟವಾಗಿ, ಬೆಳ್ಳಗೆ ಕಾಣುತ್ತದೆ.

ರೋಗವೇ ಇಲ್ಲದವರಲ್ಲೂ ಮಬ್ಬು ಕಾಣುವುದುಂಟು. ಈಚೆಗೆ ಹೆರಿಗೆಯಾದ ತಾಯಂದಿರು, ಓಟಗಾರರು, ಕಠಿಣ ತರಬೇತಿಯಲ್ಲಿರುವ ಸೈನಿಕರನ್ನು ಪರೀಕ್ಷಿಸಿದಾಗ ಎಸ್‌ಐ ಜಾಯಿಂಟ್‌ನಲ್ಲಿ ಇಂಥ ಗುರುತು ಸಿಕ್ಕಿವೆ. ಕಬ್ಬು ಕಡಿದು ಹೊರೆ ಹೊರುವವರ, ಗರಡಿಯಲ್ಲಿ ಸಾಮು ಮಾಡುವ ಹುಡುಗರ ಚಿತ್ರ ಓದುವಾಗಲೂ ಇದನ್ನು ನೆನಪಿಡಬೇಕು. ವಯಸ್ಸಾದಂತೆ ಆರೋಗ್ಯವಂತರ ಕೈಯಲ್ಲೂ ಸಣ್ಣಪುಟ್ಟ ಊತ ಕಾಣುತ್ತದೆ. ಹಾಗಾಗಿ ಎಂಆರ್‌ಐಗಿಂತ ಮೊದಲು ಡಾಕ್ಟರ ಕೈ ಬೇಕು. ಬೆರಳಿನ ಬುಡದ ಗೆಣ್ಣುಗಳನ್ನು ಎರಡೂ ಬದಿಯಿಂದ ಸೇರಿಸಿ ಮೆಲ್ಲಗೆ ಅದುಮಿದಾಗ ರೋಗಿ ಕೈ ಎಳೆದುಕೊಂಡರೆ, ಆ ಒಂದು ಗಳಿಗೆಯಲ್ಲೇ ಅರ್ಧ ಉತ್ತರ ಸಿಕ್ಕಿರುತ್ತದೆ. ಆಮೇಲೆ ರಕ್ತಪರೀಕ್ಷೆ: ಉರಿಯೂತ ಅಳೆಯುವ ಇಎಸ್‌ಆರ್, ಸಿಆರ್‌ಪಿ, ರುಮಟಾಯ್ಡ್ ಗುರುತು ಹುಡುಕುವ ಆರ್‌ಎ ಫ್ಯಾಕ್ಟರ್, ಆ್ಯಂಟಿ ಸಿಸಿಪಿ. ಗೆಣ್ಣುಗಳು ಕಣ್ಣಿಗೆ ಕಾಣುವಂತೆ ಬಾತು ರಕ್ತಪರೀಕ್ಷೆಯೂ ಪಾಸಿಟಿವ್ ಬಂದರೆ ಎಂಆರ್‌ಐಗೆ ದುಡ್ಡು ಸುರಿಯುವ ಅಗತ್ಯವೇ ಇಲ್ಲ, ಔಷಧ ಶುರು ಮಾಡಬಹುದು. ಎಂಆರ್‌ಐ ನಿಜಕ್ಕೂ ಒದಗುವುದು ನಡುವೆ ಸಿಕ್ಕಿಕೊಂಡವರಿಗೆ: ಲಕ್ಷಣ ಇದೆ, ಊತ ಸ್ಪಷ್ಟವಿಲ್ಲ, ರಕ್ತಪರೀಕ್ಷೆ ನೆಗೆಟಿವ್. ಅಲ್ಟ್ರಾಸೌಂಡ್ ಅಗ್ಗ, ಡಾಪ್ಲರ್ ಹಾಕಿದರೆ ಪೊರೆಯ ರಕ್ತ ಹರಿವೂ ಕಾಣುತ್ತದೆ. ಪಳಗಿದ ಕೈ ಸಿಕ್ಕರೆ ಮೊದಲು ಅದನ್ನೇ ಮಾಡಿಸಬಹುದು.

ಇಷ್ಟು ಮುಂಚೆ ಹಿಡಿದರೆ ರೋಗವನ್ನು ತಡೆಯಲೂ ಆಗುತ್ತದಾ? ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಕೀಲುನೋವಿದ್ದು, ಎಂಆರ್‌ಐಯಲ್ಲಿ ಮಾತ್ರ ಉರಿಯೂತ ಕಂಡ 236 ಜನರ ಮೇಲೆ ನಡೆದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಅರ್ಧ ಜನರಿಗೆ ಒಂದು ಸ್ಟೀರಾಯ್ಡ್ ಇಂಜೆಕ್ಷನ್ ಮತ್ತು ವರ್ಷವಿಡೀ ಮೆಥೋಟ್ರೆಕ್ಸೇಟ್ ಎನ್ನುವ ಕೀಲುವಾತದ ಔಷಧ ಕೊಟ್ಟರು. ರೋಗ ಬರುವುದು ನಿಲ್ಲಲಿಲ್ಲ. ಆದರೆ ನೋವು, ಬಿಗಿತ ಕಡಿಮೆಯಾಯಿತು, ಔಷಧ ನಿಲ್ಲಿಸಿದ ಮೇಲೂ ಆ ಲಾಭ ಉಳಿಯಿತು. 2024ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಆ್ಯಂಟಿ ಸಿಸಿಪಿ ಪಾಸಿಟಿವ್ ಇದ್ದು ಎಂಆರ್‌ಐಯಲ್ಲಿ ಉರಿಯೂತ ಕಂಡವರಿಗೆ 6 ತಿಂಗಳು ಅಬಟಾಸೆಪ್ಟ್ ಎನ್ನುವ ಔಷಧ ಕೊಟ್ಟರು. ಔಷಧ ಪಡೆದವರಲ್ಲಿ ನೂರಕ್ಕೆ 57 ಜನರ ಚಿತ್ರ ಸುಧಾರಿಸಿತು, ಬರೀ ಸಕ್ಕರೆ ನೀರಿನಂಥ ಹುಸಿ ಔಷಧ ಪಡೆದವರಲ್ಲಿ ನೂರಕ್ಕೆ 31. ಭರವಸೆ ಹುಟ್ಟಿಸುವ ಅಂಕಿ ಇದು. ಇನ್ನೊಂದು ಕಡೆ, ಆಗಲೇ ರೋಗ ಹತೋಟಿಗೆ ಬಂದವರಿಗೆ ಪದೇ ಪದೇ ಎಂಆರ್‌ಐ ಮಾಡಿ ಅದರಂತೆ ಔಷಧ ಏರಿಸುವುದರಿಂದ ಹೆಚ್ಚಿನ ಲಾಭವಿಲ್ಲ ಎಂದು 2019ರಲ್ಲಿ ಡೆನ್ಮಾರ್ಕಿನ ಅಧ್ಯಯನ ತೋರಿಸಿತು. ಆರಾಮಾಗಿರುವವರು ಸುಮ್ನೆ ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸುವುದು ಬೇಡ.

ಮಾಡಿಸಲೇಬೇಕಾದಾಗ ಕೆಲವು ವಿಷಯ ಗಮನದಲ್ಲಿರಲಿ. ನೋವಿಗೆಂದು ಊರ ಕಡೆ ಸಿಗುವ ಹೆಸರಿಲ್ಲದ ಪುಡಿ, ಗುಳಿಗೆ ತಿನ್ನುತ್ತಿದ್ದರೆ ಮುಚ್ಚಿಡದೆ ಹೇಳಿ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದುಂಟು. ಅದು ಉರಿಯೂತವನ್ನು ತಾತ್ಕಾಲಿಕವಾಗಿ ಆರಿಸಿ ಚಿತ್ರವನ್ನೂ ಸುಳ್ಳು ಮಾಡುತ್ತದೆ. ಇಂಜೆಕ್ಷನ್ ಕೊಡುವುದಿದ್ದರೆ ಕಿಡ್ನಿ ತೊಂದರೆ, ಬಸಿರು ಇವನ್ನು ಮೊದಲೇ ತಿಳಿಸಬೇಕು. ಪೇಸ್‌ಮೇಕರ್, ಹಳೆ ಆಪರೇಷನ್‌ನ ಕ್ಲಿಪ್, ಕಣ್ಣಿಗೆ ಸಿಡಿದ ಕಬ್ಬಿಣದ ಚೂರು ಇದ್ದರೂ ಅಷ್ಟೇ. ತಾಳಿ, ಮೂಗುತಿ, ಕಾಲುಂಗುರ ತೆಗೆಯಲು ಹಿರಿಯ ಹೆಣ್ಣುಮಕ್ಕಳು ಹಿಂಜರಿಯುತ್ತಾರೆ, ಮನೆಯಲ್ಲೇ ಮಾತಾಡಿಕೊಂಡು ಹೋದರೆ ಅಲ್ಲಿ ಮುಜುಗರವಾಗುವುದಿಲ್ಲ. ಜರಿ ಸೀರೆ ಬೇಡ, ಜರಿಯಲ್ಲಿ ಲೋಹದ ಎಳೆ ಇರುತ್ತದೆ. ಅಲ್ಲಿ ಕೊಡುವ ಹತ್ತಿ ಬಟ್ಟೆಯೇ ಒಳ್ಳೆಯದು. ಅರ್ಧ ಗಂಟೆ ಆಚೀಚೆ ಅಲುಗಾಡದೆ ಇರಬೇಕು, ಸದ್ದು ಜೋರು, ಕಿವಿಗೆ ಇಯರ್‌ಪ್ಲಗ್ ಕೇಳಿ ಪಡೆಯಿರಿ.

ಡಾಕ್ಟರು ಬರೆದುಕೊಡುವ ಚೀಟಿಯಲ್ಲಿ ಬರೀ "ಎಂಆರ್‌ಐ" ಎಂದಿದ್ದರೆ ಅಲ್ಲೇ ಕೇಳಿ: "ಸರ್, ಉರಿಯೂತಕ್ಕ ನೋಡ್ಬೇಕಂತ ಬರ್ದು ಕೊಡ್ರಿ. ಬೆನ್ನುನೋವಿಗಾದ್ರ ಎಸ್‌ಐ ಜಾಯಿಂಟೂ ಬರೀರಿ." ಯಾವ ಅನುಮಾನಕ್ಕೆ ತೆಗೆಯುತ್ತಿದ್ದೇವೆ ಎಂದು ಗೊತ್ತಿದ್ದರೆ ಸ್ಕ್ಯಾನ್ ಮಾಡುವವರು ಸ್ಟಿರ್ ಬಿಡುವುದಿಲ್ಲ, ಓದುವವರು ಎಲುಬಿನ ಮಬ್ಬನ್ನು ಕಡೆಗಣಿಸುವುದಿಲ್ಲ. ವರದಿಯ ಹಾಳೆಯ ಜೊತೆ ಸಿಡಿಯನ್ನೂ ತಪ್ಪದೆ ತೆಗೆದುಕೊಳ್ಳಿ. ಕೀಲುವಾತದ ತಜ್ಞರು ನಮ್ಮ ಕಡೆ ಕಡಿಮೆ, ಹುಬ್ಬಳ್ಳಿಗೋ ಮಿರಜಿಗೋ ಬೆಂಗಳೂರಿಗೋ ಹೋಗಬೇಕಾಗಿ ಬರಬಹುದು. ಅಲ್ಲಿಯವರು ಹಾಳೆಯ ಎರಡು ಸಾಲಿಗಿಂತ ಚಿತ್ರವನ್ನೇ ತೆರೆದು ನೋಡಲು ಬಯಸುತ್ತಾರೆ, ಮತ್ತೊಮ್ಮೆ ಸ್ಕ್ಯಾನಿನ ಖರ್ಚೂ ಉಳಿಯುತ್ತದೆ.